ಅಮ್ಮನ ಸೀರೆ ಹಾರಿದರೆ ಕರೆಂಟು ಅಗ್ಗ

ಸ್ವೀಡನ್ನಿನ ಮಾಲ್ಮೋಗೆ ಬಂದು ಆರು ವರ್ಷವಾಯ್ತು. ಕರೆಂಟ್ ಬಿಲ್ ನೋಡಿ ಅಳೋಣ ಅಂತ ಕೂತಾಗಲೆಲ್ಲ ನಗುವಂಥದ್ದು ಏನಾದರೊಂದು ಆಗೇ ಆಗುತ್ತೆ. ಮೈಸೂರಿನಿಂದ ಅಮ್ಮ ಬಂದಮೇಲಂತೂ ಕೇಳಲೇಬೇಡಿ.

೧. ಇಲ್ಲದ ಸಿಲಿಂಡರ್

ನಮ್ಮದು ಗಂಟೆಗೊಂದು ರೇಟಿನ ಕರೆಂಟು. ಒಂದು ಬೆಳಗ್ಗೆ ಫೋನ್ ನೋಡಿ, "ಅಯ್ಯೋ, ಗ್ಯಾಸ್ ರೇಟ್ ಏರಿಬಿಟ್ಟಿದೆ, ಹೀಟರ್ ಕಮ್ಮಿ ಮಾಡಮ್ಮ" ಅಂದೆ.

ಅಮ್ಮ ಅಡುಗೆಮನೆಯೆಲ್ಲ ಹುಡುಕಿದಳು. ಒಲೆ ಕರೆಂಟಿನದು, ಹೀಟರೂ ಕರೆಂಟಿನದು. "ಮನೇಲಿ ಸಿಲಿಂಡರೇ ಇಲ್ಲ, ಗ್ಯಾಸ್ ರೇಟ್ ಕಟ್ಟಿಕೊಂಡು ನಿನಗೇನಾಗಬೇಕೋ?"

"ಗಾಳಿ ಬೀಸದ ದಿನ ಗಾಳಿಯಂತ್ರದ ಕರೆಂಟು ಸಾಲಲ್ಲಮ್ಮ. ಆಗ ಪಕ್ಕದ ದೇಶಗಳಲ್ಲಿ ಗ್ಯಾಸ್ ಉರಿಸಿ ಕರೆಂಟು ಮಾಡ್ತಾರೆ. ನಮ್ಮ ತಂತಿ ಅವರ ತಂತಿಗೆ ಸೇರಿದೆ. ಕೊನೇಲಿ ಬಂದ ಆ ದುಬಾರಿ ಕರೆಂಟಿನ ರೇಟೇ ಎಲ್ಲದಕ್ಕೂ."

"ಓ, ವರಮಹಾಲಕ್ಷ್ಮಿ ಹಬ್ಬದ ಹೂವು! ಕೊನೇ ಮಾರು ಎಷ್ಟಕ್ಕೆ ಹೋಗುತ್ತೋ ಇಡೀ ಬುಟ್ಟಿಗೆ ಅದೇ ರೇಟು. ಇಷ್ಟಕ್ಕೆ ಇಂಜಿನಿಯರಿಂಗ್ ಓದಿದ್ಯಾ?"

೨. ಉಬ್ಬದ ಹಿಟ್ಟು

ಅವತ್ತಿಂದ ಅಮ್ಮ ಹೀಟರ್ ಮುಟ್ಟಲು ಬಿಡಲಿಲ್ಲ. ಮಂಕಿ ಕ್ಯಾಪು, ಶಾಲು, ಮೇಲೆ ನನ್ನ ಜಾಕೆಟ್ಟು. ದೋಸೆ ಹಿಟ್ಟಿನ ಪಾತ್ರೆಗೂ ಸ್ವೆಟರ್ ತೊಡಿಸಿದಳು. ಆದರೂ ಉಬ್ಬಲಿಲ್ಲ.

"ಹಿಟ್ಟೇ ತಡೆಯದ ಚಳಿ, ನಾನು ತಡೀತೀನಾ? ಬೆಚ್ಚಗಿಟ್ಟರೆ ನಿನಗೆ ಬಿಲ್ಲು. ಟಿಕೆಟ್ ಬದಲಾಯಿಸು, ಮುಂದಿನ ಶನಿವಾರವೇ ಹೊರಡ್ತೀನಿ."

ಜೂನ್‌ವರೆಗೆ ಇರಬೇಕಾದವಳು! ಮೂರು ವರ್ಷ ಕಾಡಿ ಬೇಡಿ ಕರೆಸಿಕೊಂಡಿದ್ದೆ. ಹೋಗಿ ಹೀಟರ್ ಜಾಸ್ತಿ ಮಾಡಿದೆ. ಅವಳು ಬಂದು ಕಮ್ಮಿ ಮಾಡಿದಳು. ನಾನು ಜಾಸ್ತಿ, ಅವಳು ಕಮ್ಮಿ. ಹಾಗೆ ಓಡಾಡಿಯೇ ಇಬ್ಬರಿಗೂ ಬೆವರು ಬಂತು.

೩. ಹಿತ್ತಲಿನ ಹವಾಮಾನ ಇಲಾಖೆ

ಮಾರನೆಯ ದಿನ ಹಿತ್ತಲಿನ ತಂತಿ ಮೇಲೆ ಅಮ್ಮ ಒಣಹಾಕಿದ್ದ ಇಳಕಲ್ ಸೀರೆ ಪಟಪಟ ಹಾರುತ್ತಿತ್ತು. "ಲೋ, ಗಾಳಿ ಇದೆ! ರೇಟು ಇಳಿದಿರಬೇಕು ನೋಡು."

ನೋಡಿದರೆ ನಿಜವಾಗಲೂ ಇಳಿದಿತ್ತು. ಗ್ರೈಂಡರ್, ವಾಷಿಂಗ್ ಮಷಿನ್, ಹೀಟರ್, ಎಲ್ಲ ಒಟ್ಟಿಗೆ ಶುರು. ಹಿಟ್ಟೂ ಉಬ್ಬಿತು.

ಗ್ರೈಂಡರ್ ಸದ್ದಿಗೆ ಬೇಲಿಯಾಚೆಯ ಸ್ವೀಡಿಷ್ ಅಜ್ಜಿ ಗಾಬರಿಯಿಂದ ಬಂದರು. ಸೀರೆಯ ಗುಟ್ಟು ಹೇಳಿದೆ. ಆಮೇಲೆ ದಿನಾ ಬೇಲಿ ಮೇಲಿಂದ ಇಣುಕುವುದೇ ಅವರ ಕೆಲಸ. ಸೀರೆ ಹಾರಿದರೆ ಓವನ್‌ಗೆ ದಾಲ್ಚಿನ್ನಿ ಬನ್ನು, ಜೋತುಬಿದ್ದರೆ ಹಿಟ್ಟು ವಾಪಸ್ ಫ್ರಿಜ್‌ಗೆ. ಒಂದು ದಿನ ಅಮ್ಮ ಸೀರೆ ಒಗೆಯಲಿಲ್ಲ. ಅಜ್ಜಿ ಬಾಗಿಲು ತಟ್ಟಿ, "ಇವತ್ತು ಸರ್ವಿಸ್ ಇಲ್ಲವಾ?" ಅಂತ ಕೇಳಿದರು.

೪. ಪೆಟ್ಟಿಗೆ

ಇಷ್ಟಾದರೂ ಅಮ್ಮನ ಹಠ ಇಳಿಯಲಿಲ್ಲ. ನಾನು ಟಿಕೆಟ್ ಬದಲಾಯಿಸದೆ, "ವೆಬ್‌ಸೈಟ್ ಕೆಲಸ ಮಾಡ್ತಿಲ್ಲ" ಅಂತ ದಿನಾ ಸುಳ್ಳು ಹೇಳುತ್ತಿದ್ದೆ. ಶುಕ್ರವಾರ ಅವಳು, "ಏರ್‌ಪೋರ್ಟಿಗೇ ಹೋಗಿ ಬದಲಾಯಿಸ್ಕೋತೀನಿ" ಅಂತ ಪೆಟ್ಟಿಗೆ ತುಂಬುತ್ತಿದ್ದಾಗ ಅಜ್ಜಿ ಬನ್ನು ಹಿಡಿದು ಬಂದರು. ಪೆಟ್ಟಿಗೆ ನೋಡಿ ಕಣ್ಣು ತುಂಬಿಕೊಂಡು, ಅಮ್ಮನ ಎರಡೂ ಕೈ ಹಿಡಿದು ಸ್ವೀಡಿಷ್‌ನಲ್ಲಿ ಏನೇನೋ ಹೇಳಿದರು.

ಅಮ್ಮನೂ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಪಾಪ ಕಣೋ, ನನ್ನ ಬಿಟ್ಟಿರೋಕೆ ಆಗ್ತಿಲ್ಲ ಅವರಿಗೆ. ಏನಂತಾರೆ?"

ಅಜ್ಜಿ ಅಂದದ್ದನ್ನು ಹಾಗೇ ಹೇಳಿಬಿಟ್ಟೆ. "ಹೋಗೋದಾದ್ರೆ ಹೋಗಿ, ಆ ಸೀರೆ ಮಾತ್ರ ತಂತಿ ಮೇಲೇ ಬಿಟ್ಟುಹೋಗಿ ಅಂತಿದ್ದಾರಮ್ಮ."

ಅಮ್ಮ ಪೆಟ್ಟಿಗೆಯಿಂದ ಸೀರೆ ಹೊರಗೆಳೆದು ಹೆಗಲಿಗೆ ಹಾಕಿಕೊಂಡಳು.

"ಟಿಕೆಟ್ ಜೂನ್‌ಗೇ ಇರಲಿ ಕಣೋ. ಅಜ್ಜಿಗೆ ಹೇಳು, ಸೀರೆ ಬೇಕು ಅಂದ್ರೆ ಜೊತೆಗೆ ನನ್ನನ್ನೂ ಇಟ್ಟುಕೋಬೇಕು!"