ಮೇಲಿನ ಎಲ್ಲವೂ ಸರಿ, ಮಾವ!

ಆಕಳಿಕೆಗೆ ನನ್ನ ಸಣ್ಣ ಮಾವನಷ್ಟು ಮರ್ಯಾದೆ ಕೊಡುವ ಇನ್ನೊಬ್ಬ ಮನುಷ್ಯ ಪುತ್ತೂರು, ಸುಳ್ಯ, ಕಡಬ ಮೂರೂ ತಾಲೂಕು ಜಾಲಾಡಿದರೂ ನಿಮಗೆ ಸಿಗಲಿಕ್ಕಿಲ್ಲ. ನೀವು ಅವರ ಮುಖಕ್ಕೇ ಆಕಳಿಸಿ ನೋಡಿ, ಸಿಟ್ಟೇ ಬರುವುದಿಲ್ಲ! ಕಿಸೆಯಿಂದ ಪುಟ್ಟ ಪುಸ್ತಕ ತೆಗೆದು, ಯಾವ ಮಾತಿಗೆ ನಿಮ್ಮ ಬಾಯಿ ತೆರೆಯಿತು ಎಂದು ಭಕ್ತಿಯಿಂದ ಬರೆದುಕೊಳ್ಳುತ್ತಾರೆ.

ಮಾವ ನೆಲ್ಯಾಡಿ ಕಡೆಯ ಒಂದು ರಬ್ಬರ್ ಫ್ಯಾಕ್ಟರಿಯಲ್ಲಿ ತರಬೇತಿ ಆಫೀಸರ್. ಅಲ್ಲಿ ರಬ್ಬರ್ ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ ಶೀಟ್ ಮಾಡುತ್ತಾರೆ. ಆಸಿಡ್ ಹೇಗೆ ಮುಟ್ಟಬೇಕು, ಹೇಗೆ ಮುಟ್ಟಬಾರದು ಎಂದು ಕಲಿಸಲು ಕಂಪ್ಯೂಟರಿನಲ್ಲಿ ಒಂದು ಹಳೇ ಪಾಠವಿತ್ತು. ಅರುವತ್ತು ಪುಟ! ಪರದೆಯ ಮೇಲೆ ಟೈ ಕಟ್ಟಿದ ಒಬ್ಬ ಬಿಳಿ ಮನುಷ್ಯ. ಅವನ ಹಿಂದಿನಿಂದ ಒಂದು ಗಂಭೀರ ಸ್ವರ: “ಆತ್ಮೀಯ ಕಲಿಕಾರ್ಥಿಗಳೇ, ಪ್ರಸ್ತುತ ಅಧ್ಯಾಯದಲ್ಲಿ ಆಮ್ಲದ ಸುರಕ್ಷಿತ ನಿರ್ವಹಣೆಯ ಕುರಿತು ಅರಿಯೋಣ.” ಅರಿಯುವವರು ಯಾರು? ಎಲ್ಲರೂ ‘ಮುಂದೆ’ ಎಂಬ ಬಟನ್ನಿನ ಮೇಲೆ ಬೆರಳಿಟ್ಟು ಕಬಕದ ಬಸ್ಸಿನ ವಿಷಯ ಮಾತಾಡುತ್ತಿದ್ದರು. ಕೊನೆಯಲ್ಲಿ ಪರೀಕ್ಷೆ. ಯಾವ ಪ್ರಶ್ನೆಗೂ ಸರಿಯುತ್ತರ ಒಂದೇ: ‘ಮೇಲಿನ ಎಲ್ಲವೂ’.

ಲೀಲಕ್ಕ ಅಲ್ಲಿನ ಹಳೇ ಕೆಲಸದವರು. ಅವರಿಗೆ ನೂರಕ್ಕೆ ನೂರು ಬಂತು. ಮುಂದಿನ ತಿಂಗಳೇ ಅವರು ಆಸಿಡ್ ಇದ್ದ ಬಕೆಟಿಗೆ ಮೇಲಿಂದ ನೀರು ಹೊಯ್ದರು. ಹೊಯ್ಯಬೇಕಾದ್ದು ತಿರುಗಿಸಿ: ನೀರಿಗೆ ಆಸಿಡ್. ಅದು ಸಿಡಿದು ಮುಂಗೈ ಸುಟ್ಟಿತು. ಆಸ್ಪತ್ರೆಯಲ್ಲಿ ಮಾವ, “ಪಾಠದಲ್ಲಿ ಇತ್ತಲ್ಲ ಲೀಲಕ್ಕ?” ಎಂದರೆ, ಅವರು ಬ್ಯಾಂಡೇಜಿನ ಕೈ ಎತ್ತಿ ಹೇಳಿದರಂತೆ:

“ಇತ್ತೇನೋ ಸಾರ್. ನಂಗೆ ನೆನಪುಳಿದದ್ದು ‘ಮೇಲಿನ ಎಲ್ಲವೂ’ ಮಾತ್ರ.”

ಅಂದಿನಿಂದ ಮಾವನಿಗೆ ಹುಚ್ಚು ಹಿಡಿಯಿತು. ಇನ್ನೊಂದು ಕೈ ಸುಡುವ ಮೊದಲು ಈ ಪಾಠ ಬದಲಾಗಬೇಕು! ಮಂಗಳೂರಿನ ಹೆಡ್ಡಾಫೀಸಿನ ದೊಡ್ಡವರು ಹೇಳಿದರು, “ಬಟನ್ನಿಗೆ ನೀಲಿ ಬಣ್ಣ ಕೊಡಿ, ಮಾಡರ್ನ್ ಆಗ್ತದೆ.” ಮಾವ ವಿನಯದಿಂದಲೇ ಕೇಳಿದರಂತೆ, “ಪೇಂಟ್ ಹೊಡೆದ್ರೆ ಲಾರಿಗೆ ಬ್ರೇಕ್ ಬರ್ತದಾ ಸಾರ್?” ಕೊನೆಗೆ ಒಂದು ಒಪ್ಪಂದವಾಯಿತು: ಹೊಸ ಪಾಠ ಮಾಡಿ ತೋರಿಸಬೇಕು, ಕೆಲಸದವರು ಅದರಲ್ಲಿ ಪಾಸಾಗದಿದ್ದರೆ ಹಳೆಯದೇ ಗಟ್ಟಿ.

ಆಮೇಲೆ ನಮ್ಮ ಪಾಡು ಕೇಳಬೇಡಿ. ಈಶ್ವರಮಂಗಲದ ಒಂದು ಮದುವೆಯೂಟದ ಪಂಕ್ತಿಯಲ್ಲಿ ಮಾವ ಪಕ್ಕದ ಅಜ್ಜನನ್ನು ಹಿಡಿದರು. “ಪಾಯಸ ಎರಡನೇ ಸಲ ಬಂದ್ರೆ ನೀವು ಎಂತ ಮಾಡ್ತೀರಿ? ಎ, ಬೇಡ ಅನ್ನುದು. ಬಿ, ಸ್ವಲ್ಪ ಸಾಕು ಅನ್ನುದು. ಸಿ, ಬಾಳೆಲೆ ನೋಡಿಕೊಂಡು ಸುಮ್ಮನೆ ಕೂರುದು...”

“ಮಾರಾಯ್ರೆ, ನೀವು ಸಿ ಅನ್ನುವಾಗ ಪಾಯಸ ದಾಟಿ ಹೋಯ್ತು!”

ಮಾವನಿಗೆ ಪರಮಾನಂದ. ಪುಸ್ತಕ ತೆಗೆದು ಎಡಗೈಯಲ್ಲೇ ಬರೆದರು: ‘ಪ್ರಶ್ನೆ ಉದ್ದವಾಯಿತು.’

ಮನೆಯಲ್ಲಿ ದಿನಾ ಊಟವಾದ ಮೇಲೆ ಅತ್ತೆಗೆ ಪರೀಕ್ಷೆ. “ಇವತ್ತು ಹೊಸತು ಎಂತ ಕಲಿತೆ?”

“ನಿಮ್ಮನ್ನು ಕಟ್ಟಿಕೊಂಡ ಮೇಲೆ ತಾಳ್ಮೆ ಕಲಿತೆ. ಅದು ಹಳೇ ಪಾಠ. ಏಳಿ, ಬಟ್ಟಲು ತೊಳೀಬೇಕು.”

ಇದರ ನಡುವೆ ನಾನು ಎಲ್ಲಿಂದ ಬಂದೆ? ನಾನು ಮಿಮಿಕ್ರಿಯವನು ಸ್ವಾಮಿ! ಪುತ್ತೂರಿನ ಸುತ್ತಮುತ್ತ ಶಾಲೆಯ ವಾರ್ಷಿಕೋತ್ಸವಗಳಲ್ಲಿ ಕಂಡಕ್ಟರ್, ಹೆಡ್‌ಮಾಸ್ಟರ್, ಮಿಕ್ಸಿ, ಕೋಳಿ ಎಲ್ಲರೂ ನಾನೇ. ಯಾರ ಸ್ವರವಾದರೂ ಅರ್ಧ ನಿಮಿಷ ಕೇಳಿದರೆ ಸಾಕು, ಹಿಡಿಯುತ್ತೇನೆ ಎಂಬ ಹಮ್ಮು ಬೇರೆ. ಮಾವ ನನ್ನನ್ನು ಫ್ಯಾಕ್ಟರಿಗೆ ಕರೆದೊಯ್ದು ಹಳೇ ಪಾಠ ಹಾಕಿದರು.

“ಈ ಸ್ವರ ಮಾಡು ಮಾರಾಯ. ಜನ ಎಲ್ಲೆಲ್ಲಿ ನಗ್ತಾರೆ ನೋಡುವ.”

ಊಟದ ಹೊತ್ತಿನಲ್ಲಿ ನಾನು ಮೂಗು ಹಿಡಿದು, ಗದ್ದ ಎತ್ತಿ, “ಆತ್ಮೀಯ ಕಲಿಕಾರ್ಥಿಗಳೇ...” ಎಂದದ್ದೇ ತಡ, ಬುತ್ತಿ ಬಿಚ್ಚಿದವರು ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾವ. ನಗುತ್ತಲೇ ಬರೆದುಕೊಂಡರು. ನಕ್ಕ ಕಡೆಯೆಲ್ಲ ಕತ್ತರಿ! ಅರುವತ್ತು ಪುಟ ಹೋಗಿ ಮೂರು ಮೂರು ನಿಮಿಷದ ಆರು ಪಾಠಗಳಾದವು, ಮೊಬೈಲಿನಲ್ಲಿ ನೋಡುವಂಥವು. ಟೈ ಕಟ್ಟಿದವನು ಊರು ಬಿಟ್ಟ. ತುಳು, ಅರೆಭಾಷೆ, ಮಲಯಾಳ ಎಲ್ಲದರಲ್ಲೂ ನನ್ನ ಸ್ವರವೇ.

ಆದರೂ ಆಸಿಡ್ಡಿನ ಪಾಠ ಮಾತ್ರ ಯಾರ ತಲೆಯಲ್ಲೂ ನಿಲ್ಲಲಿಲ್ಲ. ನೀರು ಮೊದಲೋ, ಆಸಿಡ್ ಮೊದಲೋ? ವಾರ ಕಳೆದು ಕೇಳಿದರೆ ಅರ್ಧ ಜನ ತಪ್ಪು. ಮಾವ ಊಟ ಬಿಟ್ಟರು. ಕೊನೆಗೆ ದಾರಿ ತೋರಿಸಿದ್ದು ಲೀಲಕ್ಕನೇ.

“ಸಾರ್, ಮನೆಗೆ ನೆಂಟ್ರು ಬಂದ್ರೆ ಮೊದಲು ಎಂತ ಇಡುದು? ಬೆಲ್ಲ, ನೀರು. ಮತ್ತೆ ಅಲ್ವಾ ಬಾಕಿ ಎಲ್ಲ? ಈ ಆಸಿಡ್ಡೂ ಒಂದು ಸಿಟ್ಟಿನ ನೆಂಟ. ಅವ ಬರುವ ಮೊದಲು ನೀರು ತಯಾರಿರಬೇಕು.”

ಮಾವ ಎದ್ದು ನಿಂತು ಕೈ ಮುಗಿದರು. ಆ ಪಾಠಕ್ಕೆ ನನ್ನ ಸ್ವರವೂ ಬೇಡವಾಯಿತು. ಲೀಲಕ್ಕನೇ ಹೇಳಿದರು, ಸುಟ್ಟ ಕೈ ತೋರಿಸಿಕೊಂಡು.

ಪರೀಕ್ಷೆಯ ದಿನ ಹೆಡ್ಡಾಫೀಸಿನವರು ಬಂದರು. ಎ, ಬಿ, ಸಿ ಇಲ್ಲ. ಎರಡು ಬಕೆಟ್, ಆಸಿಡ್ಡಿನ ಬದಲು ಬಣ್ಣದ ನೀರು. ಒಬ್ಬೊಬ್ಬರೇ ಬಂದು ಮಾಡಿ ತೋರಿಸಬೇಕು. “ನೆಂಟ ಬಂದ, ನೀರಿಡಿ!” ಎಂದು ಗೊಣಗಿಕೊಂಡೇ ಒಬ್ಬರೂ ತಪ್ಪದೆ ಮಾಡಿದರು. ದೊಡ್ಡವರು ಒಪ್ಪಿದರು. ಮಾವ ಹಳೇ ಪಾಠ ಅಳಿಸಲು ಕಂಪ್ಯೂಟರಿನ ಮುಂದೆ ಕೂತರು.

ನಾನು ಬಿಡುತ್ತೇನೆಯೇ? ಮೂಗು ಹಿಡಿದು ಬೀಳ್ಕೊಡುಗೆ ಕೊಟ್ಟೆ: “ಆತ್ಮೀಯ ಕಲಿಕಾರ್ಥಿಗಳೇ, ಪ್ರಸ್ತುತ ನಾನು ಅಳಿಸಲ್ಪಡುತ್ತಿದ್ದೇನೆ...”

ಎಲ್ಲರೂ ನಕ್ಕರು. ಲೀಲಕ್ಕ ನನ್ನ ಭುಜ ತಟ್ಟಿ ಹೇಳಿದರು, “ನಿಂಗೆ ಧೈರ್ಯ ಉಂಟು ಮಾರಾಯ! ಸಾರ್ ಎದುರೇ ಸಾರ್ ಸ್ವರ ಮಾಡ್ತಿ.”

“ಯಾವ ಸಾರ್?”

“ನಿನ್ನ ಮಾವನದ್ದಲ್ವಾ ಅದು? ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವರೇ ಮಾಡಿದ ಪಾಠ. ಗೋದಾಮಿನಲ್ಲಿ ಸುತ್ತ ಗೋಣಿ ಕಟ್ಟಿ, ಫ್ಯಾನ್ ಬಂದ್ ಮಾಡಿ, ಬೆವರಿಳಿಸಿಕೊಂಡು ಓದಿ ರೆಕಾರ್ಡ್ ಮಾಡಿದ್ದು. ನಾವೆಲ್ಲ ಕಿಟಿಕಿಯಲ್ಲಿ ನೋಡಿದ್ದೇವೆ.”

ಮೂರು ತಾಲೂಕಿನ ಸ್ವರಗಳ ಸರದಾರ ನಾನು! ನನ್ನನ್ನು ಎತ್ತಿ ಆಡಿಸಿದ ಮಾವನ ಸ್ವರ ನನಗೇ ಗೊತ್ತಾಗಲಿಲ್ಲ.

“ಮಾವ... ನೀವು ಮೊದಲೇ ಹೇಳುದಲ್ವಾ?”

“ಹೇಳಿದ್ರೆ ನೀನು ನಗಿಸ್ತಿರ್ಲಿಲ್ಲ.” ಮಾವನ ಕಣ್ಣು ಪರದೆಯ ಮೇಲೇ ಇತ್ತು. “ನಾಲ್ಕು ದಿನ ಜೀರಿಗೆ ಕಷಾಯ ಕುಡಿದು ಓದಿದ್ದು ಮಾರಾಯ. ಆಗ ಭಾರೀ ಚಂದ ಕಾಣ್ತಿತ್ತು. ಇನ್ನೊಮ್ಮೆ ಮಾಡು ನೋಡುವ, ಕಡೇ ಸಲ.”

ಮೂಗಿಗೆ ಕೈ ಇಟ್ಟೆ. ‘ಆತ್ಮೀಯ’ ಎಂದವನು ಮೂಗು ಬಿಟ್ಟು ಸುಮ್ಮಸುಮ್ಮನೆ ಕೆಮ್ಮಿದೆ.

ಲೀಲಕ್ಕ ನನ್ನ ಮುಂದೆ ಒಂದು ಲೋಟ ತಂದಿಟ್ಟರು.

“ಮೊದಲು ನೀರು,” ಎಂದರು.