ಏಳನೇ ನಂಬರಿನ ಫಲಕಕ್ಕೆ, ತಲೆಯೆಣ್ಣೆಯ ಗೆರೆಯ ವಿಚಾರವಾಗಿ

ಡ್ಯಾನ್ಯೂಬ್ ನದಿಯ ವಿಹಾರ ನೌಕೆ ಏರುವ ಮುನ್ನ ನಮ್ಮ ಪಾಸೌ ಪಟ್ಟಣವನ್ನು ಎರಡು ಗಂಟೆಯಲ್ಲಿ ನೋಡಿ ಮುಗಿಸುವ ಪ್ರಯಾಣಿಕರಿಗೆ ದಾರಿ ತೋರುವ, ಕೋಲಿನ ತುದಿಯಲ್ಲಿ ವಿರಾಜಮಾನರಾದ ಕೆಂಪು ಫಲಕ ಶ್ರೀ ಏಳನೇ ನಂಬರಿನವರಿಗೆ ಸವಿನಯ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವುದನ್ನು ಕೇಳಿ ತಿಳಿಯಬೇಕಾಗಿಲ್ಲ. ನಿನ್ನೆ ಬೆಳಿಗ್ಗೆ ಹತ್ತೂಕಾಲಿಗೆ ನನ್ನ ಪಾದರಕ್ಷೆ ರಿಪೇರಿ ಅಂಗಡಿಯ ಕಿಟಕಿಯಾಚೆ ನಲವತ್ತೆರಡು ತಲೆಗಳ ಮೇಲೆ ತಾವು ತೇಲಿಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ. ಈ ಪತ್ರವನ್ನು ನೌಕಾ ಕಂಪನಿಯ ಮ್ಯಾನೇಜರಿಗೆ ಬರೆಯದೆ ತಮಗೇಕೆ ಬರೆದೆನೆಂದರೆ, ಮ್ಯಾನೇಜರು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಪ್ರಯಾಣಿಕರು ದಿನಕ್ಕೊಮ್ಮೆ ಬದಲಾಗುತ್ತಾರೆ, ಇಡೀ ವ್ಯವಸ್ಥೆಯಲ್ಲಿ ಕಾಯಂ ನೌಕರರೆಂದರೆ ತಾವೊಬ್ಬರೇ. ನಮ್ಮ ಬಿಷಪ್ಪರ ಮೆರವಣಿಗೆಯಲ್ಲಿ ಕೂಡ ಹಿಂದಿನ ಸಾಲಿನವರು ಹಂದಿಮಾಂಸದ ಕಡುಬಿನ ಬಗ್ಗೆ ಮಾತಾಡುತ್ತಾ ಹೆಜ್ಜೆ ತಪ್ಪುತ್ತಾರೆ. ತಮ್ಮ ಹಿಂಬಾಲಕರೋ, ತಾವು ಎಡಕ್ಕೆ ವಾಲಿದರೆ ಎಡಕ್ಕೆ, ನಿಂತರೆ ನಿಂತಲ್ಲೇ. ಇಂಥ ಭಕ್ತಿ ಈ ಊರಿನಲ್ಲಿ ಹಿಂದೆಂದೂ ಇರಲಿಲ್ಲ.

ಮೊದಲು ಕೃತಜ್ಞತೆ ಸಲ್ಲಿಸಿಬಿಡುತ್ತೇನೆ, ನಾನು ಲೆಕ್ಕದ ಮನುಷ್ಯ. ನಮ್ಮ ಗುಂಡುಕಲ್ಲಿನ ಬೀದಿಗಳಲ್ಲಿ ತಮ್ಮ ಹಿಂದೆ ಓಡುವ ಮಹಿಳೆಯರ ಪಾದರಕ್ಷೆಗಳ ಹಿಮ್ಮಡಿಗಳು ಮುರಿಯುವುದರಿಂದಲೇ ನನ್ನ ಅಂಗಡಿಗೆ ಹೊಸ ಹೊಲಿಗೆ ಯಂತ್ರ ಬಂದಿದೆ. ಹೀಗಿರುವಾಗ ತಮ್ಮ ಮೇಲೆ ದೂರು ಬರೆಯುವವನು ಕೃತಘ್ನನೇ ಸರಿ. ಆದರೂ ಬರೆಯುತ್ತಿದ್ದೇನೆ, ಯಾಕೆಂದರೆ ವಿಷಯ ಒಟ್ಮಾರನ ಕುರ್ಚಿಯದು.

ಇನ್ ನದಿಯ ಕಡೆಗಿರುವ ಓಣಿಯಲ್ಲಿ ವಾಲ್ಬುರ್ಗಾ ಎಂಬಾಕೆ ನಡೆಸುವ ಬಿಯರ್ ಅಂಗಡಿಯಿದೆ. ಅಲ್ಲಿಯ ಮೂಲೆಯ ಮೇಜು ನಮ್ಮ ನಾಲ್ವರದು. ಕರೆಯದೆ ಮಂತ್ರಿ ಬಂದರೂ ಅಲ್ಲಿ ಕೂರುವಂತಿಲ್ಲ. ಬಂದವನು ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ತಟ್ಟುತ್ತಾನೆ, ಕೂತವರು ತಿರುಗಿ ತಟ್ಟುತ್ತಾರೆ, ಅಷ್ಟೇ ನಮ್ಮ ನಮಸ್ಕಾರ. ನಮ್ಮಲ್ಲಿ ಹಿರಿಯ ಒಟ್ಮಾರ್ ಹಿರ್ಟ್‌ರೈಟರ್, ಎಂಬತ್ನಾಲ್ಕು ವರ್ಷ, ಹೆಂಡತಿ ತೀರಿಕೊಂಡು ಆರು ವರ್ಷ. ಅವನಿಗೆ ಎಡಗಿವಿ ಪೂರ್ತಿ ಸತ್ತಿದೆ, ಬಲಗಿವಿ ಅರ್ಧ ಬದುಕಿದೆ. ಎಡಗಡೆ ಗೋಡೆ, ಹಿಂದೆ ಗೋಡೆ, ಬಲಗಡೆ ನಾವು ಮೂವರು, ಹೀಗಿರುವ ಆ ಮೂಲೆಯ ಕುರ್ಚಿಯಲ್ಲಿ ಕೂತರೆ ಮಾತ್ರ ಅವನಿಗೆ ಮಾತು ಕೇಳಿಸುತ್ತದೆ. ಇಡೀ ಜಗತ್ತಿನಲ್ಲಿ ಅವನಿಗೆ ಕೇಳಿಸುವ ಜಾಗ ಅದೊಂದೇ.

ಎರಡು ಸಾವಿರದ ಹದಿಮೂರರ ಪ್ರವಾಹದಲ್ಲಿ ಆ ಅಂಗಡಿ ಮುಳುಗಿತು. ಆಮೇಲೆ ಗೋಡೆಗೆ ಹೊಸ ಗಾರೆ ಬಳಿದು ಸುಣ್ಣ ಹೊಡೆದರು. ಅಲ್ಲಿಂದೀಚೆಗೆ ನಾವು ನಾಲ್ವರು ತಲೆ ಆನಿಸಿ ಆನಿಸಿ, ಅವನ ಕುರ್ಚಿ, ನಮ್ಮ ಬೆಂಚುಗಳ ಮೇಲಿನ ಗೋಡೆಯುದ್ದಕ್ಕೂ ಒಂದು ಕಂದುಗೆರೆ ಮೂಡಿದೆ. ಮೂಲೆಯಲ್ಲಿ ಅದು ತುಸು ಗಾಢ, ಒಟ್ಮಾರ್ ಇನ್ನೂ ತಲೆಗೆ ಎಣ್ಣೆ ಹಚ್ಚುವ ಕಾಲದವನು.

ಈ ವಸಂತದಲ್ಲಿ ಹೊರಊರಿನಿಂದ ಕೆಲಸಕ್ಕೆ ಬಂದ ವೆರೋನಿಕಾ ಎಂಬ ಹುಡುಗಿ, ತಮ್ಮನ್ನು ಎತ್ತಿ ಹಿಡಿಯುವವಳು, ಮಳೆಗೆ ಹೆದರಿ ಒಂದು ದಿನ ತಮ್ಮೊಂದಿಗೆ ಒಳಗೆ ಬಂದಳು. ಪುರಭವನದ ಗೋಡೆಯ ಮೇಲೆ ವರ್ಷ ನಮೂದಿಸಿದ ಪ್ರವಾಹದ ಗುರುತುಗಳನ್ನು ಆಗಷ್ಟೇ ತೋರಿಸಿ ಬಂದಿದ್ದಳೋ ಏನೋ, ನಮ್ಮ ಗೆರೆಯನ್ನು ಕಂಡು ಅದು ಯಾವ ವರ್ಷದ್ದೆಂದು ಕೇಳಿದಳು. ಇಲ್ಲಿ, ಮಾನ್ಯರೇ, ತಪ್ಪು ನನ್ನದು. ಪರಊರಿನವರು ಗಂಭೀರವಾಗಿ ಕೇಳಿದರೆ ಗಂಭೀರವಾಗಿ ಸುಳ್ಳು ಹೇಳುವುದು ನಮ್ಮ ಮೇಜಿನ ರೂಢಿ.

"ಅದಾ? ಸಾವಿರದ ಏಳ್ನೂರ ನಲವತ್ಮೂರರ ಪ್ರವಾಹ, ಅಮ್ಮಣ್ಣಿ," ಅಂದೆ. "ಸಣ್ಣದು. ಈ ಒಂದು ಅಂಗಡಿಗೆ ಮಾತ್ರ ಬಂದು, ಒಂದು ಬಿಯರ್ ಕುಡ್ದು ವಾಪಸ್ ಹೋಯ್ತು."

ಪಾಸೌದಲ್ಲಿ ಹುಟ್ಟಿದ ಮಗುವೂ ನಗಬೇಕಾದ ಮಾತು. ಅವಳು ಬರೆದುಕೊಂಡಳು.

ಮರುವಾರದಿಂದ ತಾವು ದಿನಾ ಬರತೊಡಗಿದಿರಿ. ಮೊದಲು ನಲವತ್ತೆರಡು ಜನ ನಮ್ಮ ತಲೆಗಳ ಸಂದಿಯಲ್ಲಿ ಗೋಡೆಯ ಫೋಟೋ ತೆಗೆದರು, ಆಮೇಲೆ ನಮ್ಮ ತಲೆಗಳನ್ನು ಸ್ವಲ್ಪ ಸರಿಸಿಕೊಳ್ಳಲು ಕೋರಿದರು, ಹದಿನೈದು ದಿನಕ್ಕೆ ವಾಲ್ಬುರ್ಗಾ ಮೇಜಿನ ಸುತ್ತ ಕೆಂಪು ಹಗ್ಗ ಕಟ್ಟಿ ನಮ್ಮನ್ನು ಶೌಚಾಲಯದ ಬಾಗಿಲ ಪಕ್ಕಕ್ಕೆ ವರ್ಗಾಯಿಸಿದಳು. ನಾನು ಜಗಳಕ್ಕೆ ಹೋದರೆ ಅವಳು ಲೋಟ ಒರೆಸುತ್ತಲೇ ಹೇಳಿದಳು: "ಪ್ರವಾಹ ತಂದವ್ನು ನೀನು ಕೊರ್ಬಿ. ನಾನು ಬರೀ ಹಗ್ಗ ಕಟ್ದೆ."

ಹೊಸ ಜಾಗದಲ್ಲಿ ಒಟ್ಮಾರನ ಬಲಗಿವಿ ಬಾಗಿಲ ಕಡೆಗಿದೆ. ನಾವು ಏನು ಹೇಳಿದರೂ ನಗುತ್ತಾನೆ. ಸಾವಿನ ಸುದ್ದಿ ಹೇಳಿದಾಗಲೂ ನಕ್ಕ.

ಆದ್ದರಿಂದ ಕಳೆದ ಮಂಗಳವಾರ ತಮ್ಮ ಸಮ್ಮುಖದಲ್ಲೇ ನಿಂತು ತಪ್ಪೊಪ್ಪಿಕೊಂಡೆ: ಇದು ಪ್ರವಾಹವಲ್ಲ, ಇಗೋ ಈ ಮನುಷ್ಯನ ತಲೆಯೆಣ್ಣೆ ಎಂದು ಒಟ್ಮಾರನನ್ನು ತೋರಿಸಿದೆ. ವೆರೋನಿಕಾ ಪ್ರಾಮಾಣಿಕವಾಗಿ ಅನುವಾದಿಸಿದಳು. ನಲವತ್ತೆರಡೂ ಜನ ಚಪ್ಪಾಳೆ ತಟ್ಟಿದರು. ನಮ್ಮ ಊರಿನವರು ಹಾಸ್ಯಪ್ರಿಯರೆಂದು ಅವರ ಕೈಪಿಡಿಯಲ್ಲೇ ಬರೆದಿದೆಯಂತೆ. ಸುಳ್ಳನ್ನು ನಂಬಿದವರು ನಿಜಕ್ಕೆ ನಕ್ಕರು. ಗೆರೆಯ ಕೆಳಗೆ ಒಬ್ಬ ಸ್ಥಳೀಯ ಇದ್ದರೆ ಫೋಟೋ ಚೆನ್ನಾಗಿರುತ್ತದೆಂದು ಕೈಸನ್ನೆ ಮಾಡಿ ಒಟ್ಮಾರನನ್ನು ಕರೆದರು. ಅವನು ಹಗ್ಗ ಎತ್ತಿ ಒಳಗೆ ಹೋಗಿ ತನ್ನ ಕುರ್ಚಿಯಲ್ಲಿ ಕೂತ, ಟೋಪಿ ತೆಗೆದ, ಗೆಣ್ಣಿನಿಂದ ಮೇಜನ್ನು ಎರಡು ಸಲ ತಟ್ಟಿದ.

ತಿರುಗಿ ತಟ್ಟುವವರು ಅಲ್ಲಿ ಯಾರೂ ಇರಲಿಲ್ಲ. ಫೋಟೋ ಮುಗಿದ ಮೇಲೆ ವೆರೋನಿಕಾ ಬಹಳ ಮರ್ಯಾದೆಯಿಂದಲೇ ತೋಳು ಹಿಡಿದು ಅವನನ್ನು ಎಬ್ಬಿಸಿದಳು.

"ಕೂತ್ಕೊಳ್ಳೋಕೆ ಕರೆದ್ರು ಅಂದ್ಕೊಂಡೆ," ಅಂದ ಒಟ್ಮಾರ್, ನನ್ನ ಪಕ್ಕ ವಾಪಸ್ ಬಂದು.

ಈಗ ನನ್ನ ಅರಿಕೆ. ತಮ್ಮ ಹಿಂಬಾಲಕರ ಕಿವಿಯಲ್ಲೊಂದು ಪುಟ್ಟ ಯಂತ್ರವಿದೆ. ಮೂವತ್ತು ಗಜ ಮುಂದೆ ಆ ಹುಡುಗಿ ಪಿಸುಗುಟ್ಟಿದರೂ ಅವರಿಗೆ ಕೇಳಿಸುತ್ತದೆ. ಸತ್ಯವೊಂದನ್ನು ಬಿಟ್ಟು ಎಲ್ಲವನ್ನೂ ಕೇಳಿಸುವ ಅಂಥದ್ದೊಂದನ್ನು ಒಟ್ಮಾರನಿಗೆ ದಯಪಾಲಿಸಿ, ನಮ್ಮ ಮೂವರ ಕತ್ತಿಗೂ ಒಂದೊಂದು ಮೈಕು ತಗುಲಿಸಿ. ಅದಾಗದಿದ್ದರೆ ಡ್ಯಾನ್ಯೂಬ್ ಮತ್ತು ಇನ್ ನದಿಗಳೊಂದಿಗೆ ತಮಗಿರುವ ಸಲಿಗೆಯಿಂದ, ಆ ಗೆರೆಯಷ್ಟೇ ಎತ್ತರದ ಪ್ರವಾಹವೊಂದನ್ನು ಆ ಅಂಗಡಿಯೊಳಗೆ ಮಾತ್ರ ಅರ್ಧ ಗಂಟೆ ಬರಿಸಿ, ಗೋಡೆಯನ್ನು ತೊಳೆಸಿಕೊಡಿ. ಅದೂ ಆಗದಿದ್ದರೆ ದಿನಾ ಹನ್ನೊಂದೂವರೆಗೆ ಆ ಓಣಿಯ ತಿರುವಿನಲ್ಲಿ ದಯವಿಟ್ಟು ಬಲಕ್ಕೆ ವಾಲಿ. ನಲವತ್ತೆರಡು ಜನ ಬಲಕ್ಕೆ ಹೋಗುತ್ತಾರೆ. ಅಲ್ಲೊಂದು ಔಷಧಿ ಅಂಗಡಿಯಿದೆ, ಅದನ್ನೇ ಅರಮನೆಯೆಂದು ನಂಬುತ್ತಾರೆ. ತಾವು ಹೇಳಿದರೆ ಮುಗಿಯಿತು.

ತಮ್ಮ ವಿಶ್ವಾಸಿ,
ಕೊರ್ಬಿನಿಯನ್ ಆಶೆನ್‌ಬ್ರೆನರ್
ಪಾದರಕ್ಷೆ ದುರಸ್ತಿಗಾರ, ಹಾಗೂ ಸಾವಿರದ ಏಳುನೂರ ನಲವತ್ತಮೂರರ ಪ್ರವಾಹದ ಜನಕ

ತಾ.ಕ.: ತಮ್ಮ ಉತ್ತರಕ್ಕಾಗಿ ನಾವು ಸುಮ್ಮನೆ ಕಾಯುತ್ತಿಲ್ಲ. ನೌಕೆಗಟ್ಟೆಯ ಮೇಲೆ ತಮ್ಮ ಕಂಪನಿ ಹೊಸದಾಗಿ ಕಟ್ಟಿಸಿದ ಪ್ರಯಾಣಿಕರ ವಿಶ್ರಾಂತಿ ಕೋಣೆಯಲ್ಲಿ, ಹಾಲಿನಂಥ ಬಿಳಿ ಗೋಡೆಗೆ ಒರಗಿಸಿ ಒಳ್ಳೆಯ ಬೆಂಚು ಹಾಕಿದ್ದಾರೆ. ಶುಕ್ರವಾರದಿಂದ ನಾವು ನಾಲ್ವರೂ ಅಲ್ಲೇ ಕೂರುತ್ತಿದ್ದೇವೆ, ಮೂಲೆಯ ಜಾಗ ಒಟ್ಮಾರನಿಗೆ, ಬಲಗಿವಿ ನಮ್ಮ ಕಡೆಗೆ. ನಿನ್ನೆ ಅವನು ಸರಿಯಾದ ಜಾಗದಲ್ಲಿ ನಕ್ಕ. ಎಣ್ಣೆಯನ್ನು ಈಗ ನಾವೆಲ್ಲರೂ ಹಚ್ಚುತ್ತಿದ್ದೇವೆ. ಗೆರೆ ಮೂಡತೊಡಗಿದೆ, ಯಾವ ವರ್ಷದ್ದೆಂದು ಬರೆಯಬೇಕೋ ವೆರೋನಿಕಾಳಿಗೆ ಹೇಳಿ ಕಳುಹಿಸಿ.