ಮಿಲಿ ಸಾಹೇಬರ ಕೇಕು

ಹೆಂಡತಿಯ ಹುಟ್ಟುಹಬ್ಬದ ಕೇಕನ್ನು ಈ ಸಲ ಸ್ವಹಸ್ತದಿಂದ ಮಾಡಿಯೇ ತೀರುವುದಾಗಿ ಮಿಲಿ ಸಾಹೇಬರು ಘೋಷಿಸಿದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಹಾಗಾಗಿ ವಿರೋಧವೂ ಬರಲಿಲ್ಲ. ಹೋದ ವರ್ಷ ಉಡುಗೊರೆ ಏನು ಬೇಕೆಂದು ಕೇಳಿದ್ದಕ್ಕೆ ಆಕೆ, "ನೀವು ಅಡುಗೆಮನೆಗೆ ಕಾಲಿಡದಿದ್ರೆ ಸಾಕು" ಅಂದಿದ್ದಳು. ಆ ಮುಳ್ಳನ್ನು ಇವತ್ತು, ಆಕೆ ಆಫೀಸಿನಿಂದ ಬರುವುದರೊಳಗೆ, ಕಿತ್ತು ಬಿಸಾಡಬೇಕು!

ಔಷಧಿ ಅಂಗಡಿಯಲ್ಲೇ ತಲೆ ನರೆಸಿಕೊಂಡ ಸಾಹೇಬರಿಗೆ ಜಗತ್ತೆಲ್ಲ ಮಿಲಿಲೀಟರಿನಲ್ಲೇ ಕಾಣುತ್ತಿತ್ತು. ಬೀದಿಯವರು ಆ ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಫೋನಿನಲ್ಲಿ ಅತ್ತೆ, ಮೈದಾ ನಾಲ್ಕು ಕಪ್ ಎಂದು ಹೇಳಿ ಹಾಲಿಗೆ ಬರುತ್ತಿದ್ದಂತೆ ಇವರು ತಡೆದರು.

"ಕಪ್ ಅನ್ನೋದು ಪಾತ್ರೆ ಅತ್ತೆ, ಅಳತೆ ಅಲ್ಲ. ಮಿಲಿಯಲ್ಲಿ ಹೇಳಿ."

ಅತ್ತೆ ಪಾಪ, ಅಳಿಯನೇ ಹಿಂದೊಮ್ಮೆ ತಂದುಕೊಟ್ಟಿದ್ದ ಗೆರೆ ಹಾಕಿದ ಜಾಡಿಗೆ ತಮ್ಮ ಕಪ್ಪಿನಿಂದ ಹಾಲು ಸುರಿದು ನೋಡಿ, ಮುನ್ನೂರು ಎಂದರು. ಮೈದಾ ಪುಡಿಯಾದ್ದರಿಂದ ಅದರ ಕಪ್ಪನ್ನು ಸಾಹೇಬರು ಕ್ಷಮಿಸಿದರು.

ಆದರೆ ಇವರ ಅಡುಗೆಮನೆಯಲ್ಲಿ ಗೆರೆಯ ಪಾತ್ರೆ ಒಂದೂ ಇಲ್ಲ. ಮೊಬೈಲನ್ನು ಕೇಳಿದರೆ ಒಂದು ಕಪ್ ಅಂದರೆ ಇನ್ನೂರ ನಲವತ್ತು ಮಿಲಿ ಎಂದಿತು. ಭಾಗಿಸಿದರು: ಒಂದೂಕಾಲು! ಕೊಕ್ಕೆಯಲ್ಲಿ ನೇತಾಡುತ್ತಿದ್ದ ನೀಲಿ ಅಂಚಿನ ಕಪ್ಪಿನಲ್ಲಿ ಮೈದಾ ಅಳೆದರು, ಅದರಲ್ಲೇ ಒಂದೂಕಾಲು ಕಪ್ ಹಾಲನ್ನೂ ಹನಿ ಚೆಲ್ಲದೆ ಅಳೆದರು.

ಕಲಸುತ್ತಿದ್ದಂತೆ ಚಮಚ ಹಿಟ್ಟಿನಲ್ಲಿ ನೆಟ್ಟಗೆ ನಿಂತುಬಿಟ್ಟಿತು. ಬೇರೆ ಯಾರಾದರೂ ಇನ್ನಷ್ಟು ಹಾಲು ಸುರಿಯುತ್ತಿದ್ದರು. ಸಾಹೇಬರು ಸುರಿಯಲಿಲ್ಲ. ಡೋಸ್ ಅಂದರೆ ಡೋಸ್! ಸೌಟಿನ ಹಿಡಿ ಮುರಿಯಿತು. ಮಿಕ್ಸಿ ಗುರುಗುಟ್ಟಿ, ಸುಟ್ಟ ವಾಸನೆ ಬಿಟ್ಟು ಮೌನವಾಯಿತು. ಸಾಹೇಬರು ಅಂಗಿಯ ತೋಳು ಮಡಿಚಿ, ಎರಡೂ ಕೈಯಲ್ಲಿ ಗುದ್ದಿ ಗುದ್ದಿ ಹಿಟ್ಟನ್ನು ಒವನ್ನಿಗೆ ತಳ್ಳಿದರು.

ಸಂಜೆ ಹೆಂಡತಿ ತಾಯಿಯ ಜೊತೆಗೇ ಬಂದಳು. ಚಾಕು ಚುಚ್ಚಿ ಎತ್ತಿದರೆ ಕೇಕು ತಟ್ಟೆಯನ್ನೂ ಕಚ್ಚಿಕೊಂಡು ಮೇಲೆ ಬಂತು. ಹಾಲು ಎಷ್ಟು ಹಾಕಿದಿರಿ ಎಂದು ಹೆಂಡತಿ ತುಟಿ ಕಚ್ಚಿಕೊಂಡು ವಿಚಾರಿಸಿದಳು.

"ಒಂದೂಕಾಲು ಕಪ್. ಲೆಕ್ಕ ತಪ್ಪಿಲ್ಲ."

ಅತ್ತೆ ಎದ್ದು ಕೊಕ್ಕೆಯಿಂದ ನೀಲಿ ಅಂಚಿನ ಕಪ್ಪನ್ನು ತೆಗೆದರು.

"ಅಳಿಯಂದ್ರೇ, ಇದರ ಜೋಡಿ ನಮ್ಮನೇಲಿದೆ. ಮದುವೇಲಿ ಒಂದು ಇವಳಿಗೆ ಕೊಟ್ಟೆ, ಒಂದು ನಾನಿಟ್ಕೊಂಡೆ. ಇದರಲ್ಲಿ ಎರಡು ಕಪ್ ಅನ್ನೋಕೇ ಬಾಯಿ ತೆಗೆದಿದ್ದೆ, ನೀವು ಬಿಡಲಿಲ್ಲ."

ಸಾಹೇಬರು ಮೊಬೈಲನ್ನು ನೋಡಿದರು, ಕಪ್ಪನ್ನು ನೋಡಿದರು. ಮೊಬೈಲಿನ ದೊಡ್ಡ ಕಪ್ಪಿಗೆ ಲೆಕ್ಕ ಹಾಕಿ, ಈ ಪುಟ್ಟ ಕಪ್ಪಿನಲ್ಲಿ ಅಳೆದಿದ್ದರು!

ಹೆಂಡತಿ ಸುತ್ತಿಗೆಯಿಂದ ಒಡೆದು ಕೊಟ್ಟ ಚೂರನ್ನು ಅತ್ತೆ ತಿರುಗಿಸಿ ಮುರುಗಿಸಿ ನೋಡಿ ಕೇಳಿದರು: "ಇದನ್ನ ಊಟಕ್ಕೆ ಮುಂಚೆ ತಗೋಬೇಕಾ, ಆದ್ಮೇಲಾ?"

ಸಾಹೇಬರು ತೆಪ್ಪಗೆ ಹಾಲಿನ ಪಾತ್ರೆ ತಂದಿಟ್ಟರು.

"ನೆನೆಸಿ ತಗೋಬೇಕು ಅತ್ತೆ. ಎಷ್ಟು ಕಪ್ ಹಾಲು ಅಂತ ನೀವೇ ಹೇಳಿ."